ಮೇಲಿನ ನೀರು, ಕೆಳಗಿನ ನೀರು

ಉಪ್ಪಿನ ಡಬ್ಬಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ, ಗುಲಾಬಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೊಸೆ ವಿನುತಾ ಬಾಗಿಲಲ್ಲೇ ನಿಂತು ನೋಡಿದಳು. ಆ ಮನೆಯಲ್ಲಿ ಅದುವರೆಗೆ ಚಿನ್ನಕ್ಕೂ ಬೀಗ ಬಿದ್ದಿರಲಿಲ್ಲ.

“ಇನ್ ಕಾಂಬ, ಹ್ಯಾಂಗ್ ತಿಂತ್ಲ್ ಅಂದೇಳಿ,” ಎಂದಳು ಗುಲಾಬಿ.

ಒಳಗೆ ಮಲಗಿದ್ದ ಮಗಳು ಪ್ರಫುಲ್ಲಾ ಅಲ್ಲಿಂದಲೇ, “ಅಮ್ಮ, ದೇವ್ರಾಣೆ ನಾ ಉಪ್ಪ್ ಮುಟ್ಲಿಲ್ಲ,” ಎಂದಳು.

ಪ್ರಫುಲ್ಲಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಬಂದ ಹೊಸತರಲ್ಲಿ ಚೆನ್ನಾಗಿಯೇ ಇದ್ದಳು. ಆಮೇಲೆ ಕಾಲು ಊದಿಕೊಂಡವು, ರಕ್ತದೊತ್ತಡ ಏರಿತು. ಆರೋಗ್ಯ ಕೇಂದ್ರದ ಡಾಕ್ಟರ್ ಫ್ಲೋರಾ ಉಪ್ಪು ಬಿಡಿಸಿದರು. ಮನೆಯಲ್ಲಿ ಒಣಮೀನು ನಿಂತಿತು, ಉಪ್ಪಿನಕಾಯಿ ಭರಣಿ ನೆರೆಮನೆಗೆ ಹೋಯಿತು, ಗಂಜಿಯೂ ಸಪ್ಪೆಯಾಯಿತು. ಆದರೂ ಒತ್ತಡ ಇಳಿಯಲಿಲ್ಲ. ಆ ದಿನ ಬೆಳಿಗ್ಗೆ ಮೂತ್ರ ಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರು ಗುಲಾಬಿಯ ಮುಖಕ್ಕೇ ಹೇಳಿಬಿಟ್ಟಿದ್ದರು: “ನೀವು ನನ್ನ ಹತ್ರ ಸುಳ್ಳು ಹೇಳ್ತಾ ಇದ್ದೀರಿ. ಉಪ್ಪು ಬಿಟ್ಟವರ ಮೈಯಿಂದ ಇಷ್ಟು ಉಪ್ಪು ಹೊರಗೆ ಬರುವುದಿಲ್ಲ.”

ಅಂದಿನಿಂದ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಕಣ್ಣು. ತಾಯಿಗೆ ಮಗಳ ಮೇಲೆ ಗುಮಾನಿ. ಅಮ್ಮ ಮೀನು ಸಾರಿಗೆ ಕೈಜಾರಿ ಉಪ್ಪು ಹಾಕುತ್ತಾಳೆಂದು ಮಗಳಿಗೆ ಗುಮಾನಿ. ಮಾವಿನಕಾಯಿ ಹೋಳನ್ನು ಯಾರಾದರೂ ಗುಟ್ಟಾಗಿ ತಂದು ಕೊಡುತ್ತಿದ್ದಾರೆಯೇ ಎಂದು ವಿನುತಾ ನಾದಿನಿಯ ದಿಂಬಿನ ಕೆಳಗೂ ಒಮ್ಮೆ ಕೈಯಾಡಿಸಿ ನೋಡಿದ್ದಳು. ಏನೂ ಸಿಗಲಿಲ್ಲ. ಆಮೇಲೆ ನಾಚಿಕೆಯಾಯಿತು.

ಇವರ ಊರು ನಡುಕುದ್ರು. ಕುಂದಾಪುರದ ಸೀಮೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ನಡುವೆ, ಪೇಟೆಗೆ ಎದುರಾಗಿ ಕುಳಿತ ದ್ವೀಪ; ಅಲ್ಲಿನವರ ಬಾಯಲ್ಲಿ ಬರೀ ಕುದ್ರು. ಕಡಲು ಏರುತ್ತ ಬಂದಂತೆ ಕುದ್ರುವಿನ ಬಾವಿಗಳೂ ಪೇಟೆಯ ಬಾವಿಗಳೂ ಒಂದೊಂದಾಗಿ ಉಪ್ಪಾದವು. ಕೆಲವು ವರ್ಷ ಜನ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದರು. ಕೊನೆಗೆ ಬಂದದ್ದು ತಿರುಗುಕೆರೆ.

ತಿರುಗುಕೆರೆಯೆಂದರೆ ಅಳಿವೆಯ ಕೆಸರಿನಲ್ಲಿ ಬುಡ ಊರಿದ ಒಂದು ದುಂಡನೆಯ ದೊಡ್ಡ ಗೋಡೆ. ಅದರೊಳಗೆ ತಳದಲ್ಲಿ ಕಡಲಿನ ಉಪ್ಪುನೀರು, ಮೇಲೆ ಮಳೆಗಾಲದಲ್ಲಿ ತುಂಬಿಸಿಕೊಂಡ ಹೊಳೆಯ ಸಿಹಿನೀರು. ಸಿಹಿನೀರು ಹಗುರ, ಉಪ್ಪಿನ ಮೇಲೆ ತೇಲುತ್ತದೆ. ಆದರೆ ಸುಮ್ಮನೆ ತೇಲಬಿಟ್ಟರೆ ಅದು ತೆಳ್ಳನೆಯ ಪದರವಾಗಿ ಹರಡಿರುತ್ತದೆ; ಕೊಳವೆ ಇಟ್ಟು ಎಳೆದರೆ ಕೆಳಗಿನ ಉಪ್ಪೂ ಜೊತೆಗೆ ಬರುತ್ತದೆ. ಇದಕ್ಕೆ ಡಾ. ಇಂದುಧರ ಎಂಬ ವಿಜ್ಞಾನಿ ಒಂದು ಉಪಾಯ ಕಂಡುಕೊಂಡಿದ್ದರು. ತಳದ ಉಪ್ಪುನೀರನ್ನು ಮಾತ್ರ ದೊಡ್ಡ ರೆಕ್ಕೆಗಳಿಂದ ಮೆಲ್ಲಗೆ ತಿರುಗಿಸುವುದು. ತಿರುಗುವ ನೀರು ಅಂಚಿನತ್ತ ಏರಿ ನಡುವೆ ತಗ್ಗುತ್ತದೆ. ಆ ತಗ್ಗಿನಲ್ಲಿ ಸಿಹಿನೀರು ಬಟ್ಟಲಲ್ಲಿ ನಿಂತಂತೆ ಆಳವಾಗಿ ನಿಲ್ಲುತ್ತದೆ. ಎರಡು ನೀರಿನ ತೂಕದಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ ಸ್ವಲ್ಪ ತಿರುಗಿಸಿದರೂ ಸಾಕು, ಬಟ್ಟಲು ಆಳವಾಗುತ್ತದೆ. ಕೊಳವೆಯ ಬಾಯಿಯನ್ನು ಆ ಬಟ್ಟಲಿನ ನಟ್ಟನಡುವೆ ಇಟ್ಟಿದ್ದರು. ಷರತ್ತು ಒಂದೇ: ಕೆಳಗಿನ ನೀರು ತಿರುಗಬೇಕು, ಮೇಲಿನ ನೀರು ನಿಂತಿರಬೇಕು.

ಬಿಸಿಲಿಗೆ ನೀರು ಆರಿಹೋಗದಂತೆ, ದೂಳು ಬೀಳದಂತೆ ಕೆರೆಯ ಮೇಲೆ ಉದ್ದಕ್ಕೂ ಬಿಳಿಯ ಚೆಂಡುಗಳನ್ನು ಒತ್ತೊತ್ತಾಗಿ ತೇಲಿಬಿಟ್ಟಿದ್ದರು. ಕುಡಿಯುವ ನೀರೆಂದು ಗೋಡೆಯ ಸುತ್ತ ಬೇಲಿ. ಒಳಗೆ ಯಾರಿಗೂ ಪ್ರವೇಶವಿಲ್ಲ. ದೂರದ ಕಂಬದ ಮೇಲಿನ ಕ್ಯಾಮೆರಾದಲ್ಲಿ ನೋಡಿದರೆ ಹಾಲಿನ ಕೆನೆ ಕಟ್ಟಿದಂತೆ ಕಾಣುತ್ತಿತ್ತು.

ವಿನುತಾಳಿಗೆ ಈ ಕೆರೆಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ. ಪೇಟೆಯ ದಡದಲ್ಲಿ, ಗೋಡೆಗೆ ಅಂಟಿಕೊಂಡೇ ಇರುವ ಕಟ್ಟಡ. ಅವಳ ಎದುರಿನ ಪರದೆಯ ಮೇಲೆ ಒಂದು ನೀಲಿ ಗೆರೆ. ಅದು ಎರಡು ನೀರಿನ ನಡುವಿನ ಗಡಿ. ತಳದಲ್ಲಿಟ್ಟ ಉಪಕರಣಗಳು ಮೇಲಕ್ಕೆ ಶಬ್ದ ಕಳಿಸಿ, ಅದು ಗಡಿಗೆ ಬಡಿದು ಮರಳುವುದನ್ನು ಅಳೆದು ಆ ಗೆರೆ ಬರೆಯುತ್ತವೆ ಎಂದು ಅವಳಿಗೆ ತರಬೇತಿಯಲ್ಲಿ ಹೇಳಿದ್ದರು. ಗೆರೆ ಬಟ್ಟಲಿನ ಆಕಾರದಲ್ಲಿದ್ದರೆ ಎಲ್ಲವೂ ಸರಿ.

ಉಪ್ಪಿನ ಡಬ್ಬಿಗೆ ಬೀಗ ಬಿದ್ದ ವಾರದಲ್ಲೇ ಒಂದು ಮಧ್ಯಾಹ್ನ, ಮರಳು ತುಂಬಿದ ದೋಣಿಯೊಂದು ಹಿಡಿತ ತಪ್ಪಿ ಬಂದು ಕೆರೆಯ ಹೊರಗೋಡೆಗೆ ಗುದ್ದಿತು. ವಿನುತಾಳ ಕುರ್ಚಿ ನಡುಗಿತು. ಮೇಜಿನ ಮೇಲಿದ್ದ ಚಹಾದ ಲೋಟದಲ್ಲಿ ಉಂಗುರ ಉಂಗುರವಾಗಿ ಅಲೆ ಎದ್ದಿತು. ಅವಳು ಗಾಬರಿಯಿಂದ ಪರದೆ ನೋಡಿದಳು. ನೀಲಿ ಗೆರೆ ಅಲ್ಲಾಡಲಿಲ್ಲ.

ಅವಳು ಲೋಟವನ್ನೂ ಗೆರೆಯನ್ನೂ ಮತ್ತೆ ಮತ್ತೆ ನೋಡಿದಳು. ಲೋಟದೊಳಗಿನ ಚಹಾ ಕುಲುಕಾಡಿದ ಮೇಲೆ ಕೆರೆಯ ನೀರು ಕುಲುಕಾಡಬೇಡವೇ?

ಪಕ್ಕದ ಕೋಣೆಯಲ್ಲಿ ಇಂದುಧರ ಕುಳಿತಿದ್ದರು. ಬಯಲುಸೀಮೆಯವರು, ಮಾತು ಕಡಿಮೆ. ಕೆರೆ ಕಟ್ಟಿದ ಮೇಲೂ ಅದನ್ನು ಬಿಟ್ಟು ಹೋಗದೆ ಪೇಟೆಯಲ್ಲೇ ಬಾಡಿಗೆ ಮನೆ ಹಿಡಿದಿದ್ದರು. ಅವಳು ಹೋಗಿ ಹೇಳಿದಳು.

“ಸಣ್ಣಪುಟ್ಟ ಅಲೆಗಳನ್ನು ಯಂತ್ರ ಸೋಸಿಬಿಡುತ್ತೆ ವಿನುತಾ. ಇಲ್ಲದಿದ್ದರೆ ಗೆರೆ ಇಡೀ ದಿನ ಕುಣೀತಿರುತ್ತೆ,” ಎಂದರು ಅವರು, ತಲೆ ಎತ್ತದೆ.

“ಮೊದಲು ಕುಣೀತಿತ್ತು ಸರ್. ನಾನು ಸೇರಿದ ಹೊಸತರಲ್ಲಿ.”

“ಈಗ ಸುಧಾರಿಸಿದ್ದೀವಿ.”

ಉತ್ತರ ಸರಿಯಾಗಿಯೇ ಇತ್ತು. ಆದರೆ ಅದನ್ನು ಹೇಳುವಾಗ ಅವರು ಓದುತ್ತಿದ್ದ ಹಾಳೆಯನ್ನು ತಿರುಗಿಸಿದ್ದು, ತಿರುಗಿಸಿದ ಪುಟ ಖಾಲಿಯಿದ್ದದ್ದು ಅವಳ ಕಣ್ಣಿಗೆ ಬಿತ್ತು.

ಆ ಭಾನುವಾರ ಪ್ರಫುಲ್ಲಾಳ ಗಂಡ ಹರಿಪ್ರಸಾದ ಶಿವಮೊಗ್ಗದಿಂದ ಘಟ್ಟ ಇಳಿದು ಬಂದ. ಗುಲಾಬಿ ಅಳಿಯನಿಗೆ ಚಹಾ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟ.

“ಅತ್ತೆ, ಸಕ್ರೆ ಬದ್ಲಿಗೆ ಉಪ್ಪ್ ಹಾಕಿದ್ರಾ ಎಂತ?”

ಗುಲಾಬಿಗೆ ಅದು ತಮಾಷೆಯಾಗಿ ಕೇಳಲಿಲ್ಲ. “ಉಪ್ಪಿನ ಡಬ್ಬಿ ಬೀಗದೊಳ್ಗ್ ಇತ್ತ್. ಬೇಕಾದ್ರೆ ಕೀಲಿ ನೀವೇ ಇಟ್ಕಣಿ,” ಎಂದು ಎದ್ದು ಒಳಗೆ ಹೋದಳು.

ವಿನುತಾ ಆ ಲೋಟವನ್ನು ಎತ್ತಿ ಕುಡಿದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಅವಳ ಗಂಡ ಕರುಣಾಕರನೂ ಕುಡಿದು ನೋಡಿದ. ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವವನು. ಉಪ್ಪುಗಾಳಿಯೇ ಅವನ ಉಸಿರು. “ಸಮಾ ಇತ್ತಲೆ,” ಎಂದ. ಆಗ ವಿನುತಾಳಿಗೆ ಹೊಳೆಯಿತು. ಉಪ್ಪು ಒಂದೇ ದಿನ ಬಂದಿದ್ದರೆ ನಾಲಿಗೆ ಕಂಡುಹಿಡಿಯುತ್ತಿತ್ತು. ದಿನಕ್ಕೆ ಚೂರು ಚೂರೇ ಬಂದರೆ ನಾಲಿಗೆಯೂ ಅದರ ಜೊತೆ ಹೊಂದಿಕೊಳ್ಳುತ್ತದೆ. ಹೊರಗಿನವನಿಗಷ್ಟೇ ಗೊತ್ತಾಗುತ್ತದೆ.

ಮರುದಿನ ಅವಳು ಮನೆಯ ನಲ್ಲಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ದೋಣಿ ಹತ್ತಿದಳು. ದಾಟಿಸುವ ಶೀನಣ್ಣ ಬಾಟಲಿಯನ್ನೇ ನೋಡಿದ.

“ಮನೆ ನೀರ್ ಹೊತ್ಕಂಡ್ ಹೋತೆ ಅಲ್ದಾ? ನಿಮ್ ಆಫೀಸಂಗೆ ಎಲ್ರೂ ಕ್ಯಾನ್ ನೀರ್ ಕುಡಿತ್ರಿ ಅಂಬ್ರಲೆ?”

“ಕುಡಿತ್ರ್ ಶೀನಣ್ಣ. ಅದ್ ಮೊದ್ಲಿಂದ್ಲೂ ಹಾಂಗೇ.”

“ಎಂತಕ್ಕೆ? ನೀವ್ ಮಾಡದ್ ನೀರ್ ನಿಮ್ಗೇ ಆತಿಲ್ಯಾ?”

ಅವಳು ಬಾಟಲಿಯನ್ನು ಸೆರಗಿನೊಳಗೆ ಸರಿಸಿದಳು. ದೋಣಿಯಲ್ಲಿದ್ದ ಇತರ ಹೆಂಗಸರು ಮುಖ ತಿರುಗಿಸಿಕೊಂಡರು. ಕುದ್ರುವಿನಲ್ಲಿ ಮಾತು ಶುರುವಾಗಿತ್ತೆಂದು ಅವಳಿಗೆ ಆಗ ತಿಳಿಯಿತು. ತಲೆಸುತ್ತು, ಮುದುಕರಿಗೆ ಕಾಲೂತ, ಸೋಪು ನೊರೆ ಬಾರದ್ದು, ಅಂಗಳದ ಬಸಳೆ ಕರಟಿದ್ದು, ಎಲ್ಲವನ್ನೂ ಜನ ಕೂಡಿಸಿ ನೋಡುತ್ತಿದ್ದರು. ಲೆಕ್ಕದ ಕೊನೆಗೆ ಅವರಿಗೆ ಸಿಕ್ಕಿದ್ದು ಅವಳ ಹೆಸರು. ಕುದ್ರುವಿನಿಂದ ಕೆರೆಯ ಕೆಲಸಕ್ಕೆ ಹೋಗುವವಳು ಅವಳೊಬ್ಬಳೇ.

ಕೊಠಡಿಯ ಮೀಟರಿನಲ್ಲಿ ಮನೆಯ ನೀರು ಇರಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಪ್ಪು ತೋರಿಸಿತು. ಅವಳು ಹೊರಹೋಗುವ ಕೊಳವೆಯ ನೀರನ್ನು ಹಿಡಿದು ನೋಡಿದಳು. ಅದು ಸಿಹಿ. ಪ್ರತಿದಿನ ಬೆಳಿಗ್ಗೆ ಇಲ್ಲಿ ಪರೀಕ್ಷೆಯಾಗುತ್ತಿತ್ತು, ಪ್ರತಿದಿನವೂ ಸಿಹಿಯೇ ಬರುತ್ತಿತ್ತು.

ಅವಳು ಕೈಕಟ್ಟಿ ಕುಳಿತು ಯೋಚಿಸಿದಳು. ಬೆಳಗಿನ ನೀರು ಪೇಟೆಗೆ ಹೋಗುತ್ತದೆ. ಕುದ್ರು ಸಾಲಿನ ಕೊನೆ. ಅದರ ಟ್ಯಾಂಕು ತುಂಬುವುದು ಸಂಜೆ. ಸಂಜೆಯ ಹೊತ್ತು ಊರಲ್ಲೆಲ್ಲ ದೀಪ ಹತ್ತುವುದರಿಂದ ಕರೆಂಟು ಸಾಲದು. ಆಗ ಕೆರೆಯ ರೆಕ್ಕೆಗಳ ವೇಗ ಅರ್ಧಕ್ಕೆ ಇಳಿಯುತ್ತದೆ. ಪೇಟೆಗೆ ಸಿಹಿ, ಕುದ್ರುವಿಗೆ ಉಪ್ಪು. ಇದು ಗೊತ್ತಿದ್ದೇ ಮಾಡಿದ್ದಿರಬಹುದೇ? ಸಿಹಿನೀರು ಸಾಲದೆ ಬಂದಾಗ ಯಾರಿಗೆ ಕಡಿಮೆ ಮಾಡಬೇಕೆಂದು ಯಾರೋ ಕುಳಿತು ತೀರ್ಮಾನಿಸಿರಬಹುದೇ? ಇಂದುಧರರ ಖಾಲಿ ಪುಟ ನೆನಪಾಯಿತು.

ಮಧ್ಯಾಹ್ನ ಅವಳು ಅವರ ಎದುರು ನಿಂತು, “ಸಂಜೆ ಬಟ್ಟಲು ಎಷ್ಟು ಆಳ ಇರುತ್ತೆ ಸರ್?” ಎಂದು ಕೇಳಿದಳು.

“ಅರ್ಧ ವೇಗಕ್ಕೆ ಸ್ವಲ್ಪ ಆಳ ಕಡಿಮೆಯಾಗುತ್ತೆ. ಆದರೂ ಕೊಳವೆ ಬಾಯಿಗಿಂತ ಉಪ್ಪು ಕೆಳಗೇ ಇರುತ್ತೆ. ಗೆರೆ ನೋಡಿಲ್ಲವಾ ನೀನು?”

“ನೋಡಿದ್ದೀನಿ. ಅದಕ್ಕೇ ಕೇಳಿದೆ.”

ಅವರು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು. “ಯಾಕೆ, ಯಾರಾದರೂ ಏನಾದರೂ ಹೇಳಿದರಾ?”

ಆ ಪ್ರಶ್ನೆ ಅವಳ ಅನುಮಾನವನ್ನು ಗಟ್ಟಿ ಮಾಡಿತು. ಅವಳು ಇಲ್ಲವೆಂದು ತಲೆಯಾಡಿಸಿ ಹೊರಗೆ ಬಂದಳು. ಊಟದ ಡಬ್ಬಿ ಕೈಯಲ್ಲಿತ್ತು. ಕೊಠಡಿಯ ಹಿಂಬಾಗಿಲಿನಿಂದ ಬೇಲಿಯ ಗೇಟಿಗೆ ಹೋಗುವ ದಾರಿ. ಬೀಗದ ಕೈ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ತೆಗೆದುಕೊಂಡಳು.

ಗೋಡೆಯ ಮೇಲೆ ಅವಳು ಕಾಲಿಟ್ಟದ್ದು ಅದೇ ಮೊದಲು. ಬಿಳಿ ಚೆಂಡುಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ. ನೋಡಿದರೆ ಕೆರೆ ನಿದ್ದೆಹೋದಂತಿತ್ತು. ಆದರೆ ಕಿವಿಗೆ ಒಂದು ಸದ್ದು ಬರುತ್ತಿತ್ತು. ಪ್ಲಾಸ್ಟಿಕ್ಕು ಸಿಮೆಂಟಿಗೆ ಉಜ್ಜುವ ಸಣ್ಣ ಸದ್ದು, ಎಡೆಬಿಡದೆ. ಅವಳು ಬಗ್ಗಿ ನೋಡಿದಳು. ಗೋಡೆಯ ಅಂಚು ಒಳಕ್ಕೆ ಚಾಚಿದ್ದರಿಂದ ಕೆಳಗಿನದೇನೂ ಕಾಣಲಿಲ್ಲ. ಊಟದ ಡಬ್ಬಿಯ ಕೆಂಪು ಮುಚ್ಚಳವನ್ನು ಸೆರಗಿನಿಂದ ಒರೆಸಿ, ದೂರಕ್ಕೆ ಚೆಂಡುಗಳ ಮೇಲೆ ಎಸೆದಳು.

ಮುಚ್ಚಳ ಬಿದ್ದಲ್ಲಿ ನಿಲ್ಲಲಿಲ್ಲ. ಮನುಷ್ಯ ನಿಧಾನವಾಗಿ ನಡೆದು ಹೋಗುವ ಹಾಗೆ ಅದು ಎಡಗಡೆಗೆ ಹೊರಟಿತು. ಗೋಡೆಯ ಬಳಸು ಹಿಡಿದು ಹೋಯಿತು, ಆಚೆ ಬದಿಯಲ್ಲಿ ಸಣ್ಣ ಚುಕ್ಕೆಯಾಯಿತು, ಮತ್ತೆ ದೊಡ್ಡದಾಗುತ್ತ ಅವಳ ಬಲಗಡೆಯಿಂದ ಬಂದಿತು. ಸುತ್ತಲಿನ ಚೆಂಡುಗಳೆಲ್ಲ ಅದರ ಜೊತೆಗೇ ಬರುತ್ತಿದ್ದವು. ಇಡೀ ಹಾಸು ಒಟ್ಟಿಗೆ ತಿರುಗುತ್ತಿತ್ತು. ಒಟ್ಟಿಗೆ ತಿರುಗಿದ್ದರಿಂದಲೇ ಕ್ಯಾಮೆರಾಕ್ಕೆ ನಿಂತಂತೆ ಕಂಡಿತ್ತು.

ಅವಳು ಅಲ್ಲೇ ಕುಳಿತುಬಿಟ್ಟಳು. ಕೆಳಗಿನ ನೀರಿನ ಬಟ್ಟಲು ಅವಳಿಗೆ ಗೊತ್ತಿತ್ತು. ಮೇಲಿನ ನೀರು ತಿರುಗಿದರೆ? ಆಗ ಎಲ್ಲವೂ ತಲೆಕೆಳಗು. ಮೇಲಿನ ನೀರು ಅಂಚಿಗೆ ಒತ್ತುತ್ತದೆ, ನಡುವೆ ಒತ್ತಡ ತಗ್ಗುತ್ತದೆ, ತಗ್ಗಿದಲ್ಲಿ ಕೆಳಗಿನ ಉಪ್ಪು ಮೇಲೇಳುತ್ತದೆ. ಹಗಲಲ್ಲಿ ರೆಕ್ಕೆಗಳು ಪೂರ್ತಿ ವೇಗದಲ್ಲಿರುವಾಗ ಕೆಳಗಿನ ನೀರಿನ ಕೈ ಮೇಲು, ಬಟ್ಟಲು ಇರುತ್ತದೆ. ಸಂಜೆ ರೆಕ್ಕೆ ನಿಧಾನವಾದ ಕೂಡಲೇ ತಳದ ನೀರು ಕೆಸರಿಗೆ ಉಜ್ಜಿ ಸುಸ್ತಾಗುತ್ತದೆ. ಮೇಲಿನದು ಮಾತ್ರ ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದೆ. ಆಗ ಬಟ್ಟಲಿದ್ದ ಜಾಗದಲ್ಲಿ ಉಪ್ಪಿನ ಗುಡ್ಡ ಏಳುತ್ತದೆ. ಕೊಳವೆಯ ಬಾಯಿ ಆ ಗುಡ್ಡದ ತುದಿಯಲ್ಲಿ. ಅದೇ ಹೊತ್ತಿಗೆ ಕುದ್ರುವಿನ ಟ್ಯಾಂಕು ತುಂಬುತ್ತದೆ.

“ಮೇಲಿನ ನೀರು ತಿರುಗ್ತಾ ಇದೆ ಸರ್,” ಎಂದಳು ಅವಳು ಇಂದುಧರರ ಬಾಗಿಲಲ್ಲಿ ನಿಂತು.

“ಸಾಧ್ಯವಿಲ್ಲ. ಗಾಳಿಗೆ ಚೆಂಡು ಸರಿದಿರುತ್ತವೆ.”

“ಗೋಡೆ ಒಳಗೆ ಗಾಳಿ ಇಲ್ಲ. ಪರದೆ ಮೇಲಿನ ಗೆರೆ ಎಲ್ಲಿಂದ ಬರ್ತಿದೆ, ಅದನ್ನ ಮೊದಲು ಹೇಳಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಲೆಕ್ಕದಿಂದ,” ಎಂದರು.

ಕಳೆದ ಮಳೆಗಾಲದಲ್ಲಿ ತಳದ ಉಪಕರಣಗಳಿಗೆ ಚಿಪ್ಪುಹುಳು ಮೆತ್ತಿಕೊಂಡು ಅವು ಕೆಟ್ಟವು. ತೆಗೆಯಬೇಕಾದರೆ ಕೆರೆಯನ್ನು ನಿಲ್ಲಿಸಬೇಕು. ನಿಲ್ಲಿಸಿದರೆ, ಈ ಕೆರೆ ಕೆಲಸಕ್ಕೆ ಬಾರದು ಎಂದು ಮೊದಲಿನಿಂದಲೂ ಹೇಳುತ್ತಿದ್ದ ಮೇಲಧಿಕಾರಿಗಳು ಮುಚ್ಚಿಯೇ ಬಿಡುತ್ತಾರೆ. ಆದ್ದರಿಂದ ಇಂದುಧರ ರೆಕ್ಕೆಯ ವೇಗವನ್ನು ಸಮೀಕರಣಕ್ಕೆ ಕೊಟ್ಟು ಅದರಿಂದ ಬರುವ ಗೆರೆಯನ್ನು ಪರದೆಗೆ ಹಾಕಿದ್ದರು. ಸ್ವಲ್ಪ ದಿನಕ್ಕೆ ಎಂದುಕೊಂಡಿದ್ದರು.

“ಆ ಸಮೀಕರಣದಲ್ಲಿ ಮೇಲಿನ ನೀರು?”

“ನಿಂತಿದೆ ಅಂತ ಇಟ್ಟಿದ್ದೆ. ಎರಡು ನೀರು ಒಂದಕ್ಕೊಂದು ಉಜ್ಜೋದು ಬಹಳ ಕಡಿಮೆ, ವಿನುತಾ. ಇಲ್ಲವೇ ಇಲ್ಲ ಅನ್ನುವಷ್ಟು.”

“ಒಂದು ದಿನಕ್ಕೆ ಕಡಿಮೆ ಸರ್. ಇಡೀ ವರ್ಷ ಎಡೆಬಿಡದೆ ಉಜ್ಜಿದರೆ?”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಇವತ್ತು ಸಂಜೆ ಕುದ್ರುವಿಗೆ ನೀರು ಬಿಡೋದು ಬೇಡ,” ಎಂದಳು.

“ತಡಿ. ನಾಳೆ ಮೇಲಿನವರಿಗೆ ತಿಳಿಸೋಣ, ಅವರು ಬಂದು ನೋಡಲಿ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಜನ ಗಲಾಟೆ ಮಾಡುತ್ತಾರೆ. ನಿನ್ನ ಮೇಲೇ ಬರುತ್ತಾರೆ, ತಿಳಕೋ.”

ಅವರು ಹೇಳಿದ್ದು ಬೆದರಿಕೆಯೋ ಕಾಳಜಿಯೋ ಅವಳಿಗೆ ತಿಳಿಯಲಿಲ್ಲ. ಸಂಜೆ ರೆಕ್ಕೆಗಳ ವೇಗ ಅರ್ಧಕ್ಕೆ ಇಳಿಯಿತು, ಕುದ್ರುವಿನ ಕವಾಟ ತೆರೆಯುವ ಹೊತ್ತಾಯಿತು. ಗುಂಡಿ ಒತ್ತುವುದು ಅವಳ ಕೆಲಸ. ಒತ್ತಲಿಲ್ಲ. ಕೈ ಮಡಿಲಲ್ಲಿಟ್ಟು ಕುಳಿತಳು. ಪರದೆಯ ಮೇಲೆ ಬಟ್ಟಲು ನುಣ್ಣಗೆ ಹೊಳೆಯುತ್ತಿತ್ತು.

ಹೊತ್ತು ಮುಳುಗುವ ಮೊದಲೇ ದೋಣಿಗಳು ಬಂದವು. ಗೇಟಿನ ಹೊರಗೆ ಕುದ್ರುವಿನ ಗಂಡಸರು, ಖಾಲಿ ಕೊಡ ಹಿಡಿದ ಹೆಂಗಸರು. ಮುಂದೆ ಶೀನಣ್ಣ. ಅವನ ಪಕ್ಕದಲ್ಲಿ ಅವಳ ಗಂಡ ಕರುಣಾಕರ.

“ನಳ್ಳಿಲಿ ನೀರಿಲ್ಲ,” ಎಂದ ಕರುಣಾಕರ. “ನೀನೇ ಬಂದ್ ಮಾಡದ್ದಾ?”

“ಹೌದ್. ನಾನೇ.”

“ಮನೇಲ್ ಬಸ್ರಿ ಹೆಂಗ್ಸ್ ಇತ್ತ್, ಗೊತ್ತಿತ್ತಲೆ ನಿಂಗೆ?”

“ಅವ್ಳಿಗಾಗಿಯೇ ನಿಲ್ಸಿದ್ದ್.” ಅವಳು ದನಿ ಏರಿಸಿ ಎಲ್ಲರಿಗೂ ಹೇಳಿದಳು. “ಸಂಜಿ ನೀರಂಗೆ ಉಪ್ಪ್ ಬತ್ತಿತ್ತ್. ತಿಂಗ್ಳಾನುಗಟ್ಲೆ ಬತ್ತಿತ್ತ್. ನಂಗೆ ಗೊತ್ತಾದ್ ಇವತ್ತೇ.”

“ಇವತ್ತೇ ಗೊತ್ತಾದ್ದಾ?” ಶೀನಣ್ಣ ನಕ್ಕ; ಆ ನಗುವಿನಲ್ಲಿ ನಗುವಿರಲಿಲ್ಲ. “ಕ್ಯಾನ್ ನೀರ್ ಕುಡ್ಕಂಡ್ ಕೂತವ್ರಿಗೆ ಇವತ್ತ್ ಗೊತ್ತಾಯ್ತ್ ಅಂಬ್ರ್. ನಂಬ್ಕಾ ನಾವ್?”

“ನಂಬುದ್ ಬ್ಯಾಡ. ಬನ್ನಿ, ಕಾಣಿ.”

ಅವಳು ಬೇಲಿಯ ಗೇಟು ತೆರೆದಳು. ಅದು ನಿಯಮಕ್ಕೆ ವಿರುದ್ಧವೆಂದು ಅವಳಿಗೆ ಗೊತ್ತಿತ್ತು. ಜನ ಗೋಡೆಯ ಮೇಲೆ ಸಾಲಾಗಿ ನಿಂತರು. ಇಳಿಬಿಸಿಲಿನಲ್ಲಿ ಕೆಂಪು ಮುಚ್ಚಳ ಆಚೆ ದಡದಿಂದ ಸುತ್ತಿ ಬರುತ್ತಿತ್ತು. ಅದು ಎದುರಿಗೆ ಬಂದು ದಾಟಿ ಹೋಗುವವರೆಗೂ ಎಲ್ಲರ ಕಣ್ಣು ಅದರ ಹಿಂದೆಯೇ ಹೋಯಿತು.

“ಮಜ್ಜಿಗೆ ಕಡುವತ್ತಿಗೆ ಕಡೆಗೋಲ್ ನಿಲ್ಸಿರೂ ಮಜ್ಜಿಗೆ ತಿರುಗ್ತಾ ಇರತ್ತಲ್ದಾ? ಇದೂ ಹಾಂಗೇ,” ಎಂದು ವಿನುತಾ ಹೇಳಿದಳು. ಕರುಣಾಕರನ ಕೈಗೆ ಭಾರ ಕಟ್ಟಿದ, ಇಳಿಸಿದ ಮೇಲೆ ದಾರ ಎಳೆದು ಬಿರಡೆ ತೆಗೆಯುವ ಬಾಟಲಿ ಕೊಟ್ಟು, ಗೋಡೆಯೊಳಗೆ ಕಟ್ಟಿಟ್ಟಿದ್ದ ತಪಾಸಣೆಯ ಸಣ್ಣ ದೋಣಿಯಲ್ಲಿ ಕೆರೆಯ ನಡುವಿಗೆ ಕಳಿಸಿದಳು. ಹಗ್ಗಕ್ಕೆ ಕೊಳವೆಯ ಬಾಯಿಯ ಆಳಕ್ಕೆ ಗಂಟು ಹಾಕಿ ಕೊಟ್ಟಿದ್ದಳು. ಅವನು ಬಾಟಲಿ ಇಳಿಸಿ ತುಂಬಿಸಿಕೊಂಡು ಮರಳಿದ. ಶೀನಣ್ಣ ಮೊದಲು ಕುಡಿದ. ಕುಡಿದದ್ದನ್ನು ಗೋಡೆಯಾಚೆ ಉಗುಳಿದ.

“ಕಡ್ಲ್,” ಎಂದ.

ಅಷ್ಟರಲ್ಲಿ ಇಂದುಧರ ಬಂದು ಹಿಂದೆ ನಿಂತಿದ್ದರು. ಯಾರೂ ಅವರನ್ನು ಬೈಯಲಿಲ್ಲ. ಕರುಣಾಕರ ಬಾಟಲಿಯನ್ನು ಅವರತ್ತ ಚಾಚಿದ. ಅವರು ತೆಗೆದುಕೊಂಡು ಒಂದು ಗುಟುಕು ಬಾಯಿಗೆ ಹಾಕಿ, ಉಗುಳದೆ ನುಂಗಿದರು. ಮುಚ್ಚಳ ಇನ್ನೊಮ್ಮೆ ಸುತ್ತಿ ಬಂತು. ಅವರು ಅದನ್ನೇ ನೋಡುತ್ತ, “ಮೇಲಿನ ನೀರನ್ನು ನಿಲ್ಲಿಸಬೇಕು. ಅದಕ್ಕೆ ಏನಾದರೂ ಅಡ್ಡ ಹಾಕಬೇಕು,” ಎಂದರು, ತಮಗೇ ಹೇಳಿಕೊಂಡಂತೆ.

“ಬಲೆ ಆದೀತಾ?” ಎಂದು ವಿನುತಾ ಕೇಳಿದಳು.

ಮರುದಿನ ಬೆಳಗಾಗುವಾಗ ಪ್ರಫುಲ್ಲಾ ಕಣ್ಣ ಮುಂದೆ ಕಪ್ಪು ಚುಕ್ಕೆ ಕುಣಿಯುತ್ತಿವೆ ಎಂದಳು. ತಲೆ ಸಿಡಿಯುತ್ತಿದೆ ಎಂದಳು. ಡಾಕ್ಟರ್ ಫ್ಲೋರಾ ಒಂದು ಸಲ ನೋಡಿದವರೇ ದೊಡ್ಡ ಆಸ್ಪತ್ರೆಗೆ ಹೊರಡಿಸಿದರು. ಗುಲಾಬಿ ಜೊತೆಗೆ ಹೋದಳು. ವಿನುತಾ ದೋಣಿಯವರೆಗೆ ನಾದಿನಿಯ ಕೈ ಹಿಡಿದುಕೊಂಡು ನಡೆದಳು.

“ಅತ್ತಿಗೆ,” ಎಂದಳು ಪ್ರಫುಲ್ಲಾ ದೋಣಿಯಲ್ಲಿ ಮಲಗಿಕೊಂಡು, “ನಾ ಉಪ್ಪ್ ತಿಂದದ್ದಲ್ಲ ಅಂದೇಳಿ ಅಮ್ಮಂಗೆ ಹೇಳಿ.”

ಗುಲಾಬಿ ಪಕ್ಕದಲ್ಲೇ ಕುಳಿತಿದ್ದಳು. ಮಗಳ ಹಣೆಯ ಮೇಲೆ ಕೈಯಿಟ್ಟಳು. ಆದರೆ ದೋಣಿ ಹೊರಟಾಗ ಅವಳು ಸೊಸೆಯನ್ನು ನೋಡಿದ ನೋಟ ವಿನುತಾಳಿಗೆ ಮುಳ್ಳಿನಂತೆ ಚುಚ್ಚಿತು. ಇಷ್ಟು ದಿನ ಆ ಪರದೆಯ ಮುಂದೆ ಕೂತು ನೀನು ನೋಡುತ್ತಿದ್ದದ್ದೇನು ಎಂದು ಕೇಳುವ ನೋಟ ಅದು.

ಮಗು ಆ ಮಧ್ಯಾಹ್ನವೇ ಹುಟ್ಟಿತು, ದಿನ ತುಂಬುವ ಮೊದಲೇ, ಹೊಟ್ಟೆ ಕೊಯ್ದು. ಹೆಣ್ಣು. ಅಂಗೈಗಿಂತ ಸ್ವಲ್ಪ ದೊಡ್ಡದು. ತಾಯಿ ಉಳಿದಳು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಇತ್ತ ಕೆರೆಯಲ್ಲಿ ಕೆಲಸ ನಡೆದಿತ್ತು. ಕುದ್ರುವಿನವರು ಮೂಲೆಗೆ ಹಾಕಿದ್ದ ಸಣ್ಣ ಕಣ್ಣಿನ ಹಳೆಯ ಬಲೆಗಳನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆದು ತಂದರು. ಗೋಡೆಯಿಂದ ಕೆರೆಯ ನಡುವೆ ಕೊಳವೆಯನ್ನು ಹೊತ್ತ ಕಂಬಕ್ಕೆ, ಚಕ್ರದ ಅರಗಳಂತೆ, ಮೇಲಿನ ನೀರಿನ ಆಳಕ್ಕಷ್ಟೇ ಇಳಿಬಿಟ್ಟರು. ಎಷ್ಟು ಆಳಕ್ಕೆ, ಎಷ್ಟು ಅಂತರಕ್ಕೆ ಎಂದು ಇಂದುಧರ ದೋಣಿಯಲ್ಲಿ ಕುಳಿತು ಲೆಕ್ಕ ಹಾಕಿ ಕೂಗುತ್ತಿದ್ದರು. ಅವರು ಹೇಳಿದ್ದನ್ನು ಕರುಣಾಕರ ಹಗ್ಗ ಇಳಿಸಿ ತಾನೇ ಅಳೆದು ನೋಡಿದ ಮೇಲೆಯೇ ಬಲೆ ಕಟ್ಟುತ್ತಿದ್ದ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಲೆಗಳು ಮೊದಲು ಗಾಳಿಪಟದಂತೆ ಉಬ್ಬಿದವು, ಹಗ್ಗಗಳು ಕಿರುಗುಟ್ಟಿದವು. ದಿನ ಕಳೆದಂತೆ ಉಬ್ಬು ಇಳಿಯಿತು. ಕೆಂಪು ಮುಚ್ಚಳ ಒಂದು ಬೆಳಿಗ್ಗೆ ಗೋಡೆಗೆ ಒರಗಿ ನಿಂತೇಬಿಟ್ಟಿತ್ತು. ಅಷ್ಟೂ ದಿನ ಕುದ್ರುವಿಗೆ ನೀರು ದೋಣಿಯಲ್ಲೇ ಹೋಯಿತು.

ವಿಚಾರಣೆಯೂ ನಡೆಯಿತು. ಇಂದುಧರ ಏನನ್ನೂ ಮುಚ್ಚಿಡಲಿಲ್ಲ. ಅವರನ್ನು ಬೇರೆಡೆಗೆ ಕಳಿಸಿದರು. ಗೇಟು ತೆರೆದದ್ದಕ್ಕೆ ವಿನುತಾಳಿಗೆ ಎಚ್ಚರಿಕೆ ಕೊಟ್ಟು, ಕೆಲಸದಲ್ಲಿ ಉಳಿಸಿಕೊಂಡರು. ಹೊರಡುವ ದಿನ ಇಂದುಧರ ಪೆಟ್ಟಿಗೆ ಹಿಡಿದುಕೊಂಡೇ ಅವಳ ಮೇಜಿನ ಬಳಿ ನಿಂತರು.

“ಸಮೀಕರಣ ತಪ್ಪಿರಲಿಲ್ಲ, ವಿನುತಾ. ಮೇಲಿನ ನೀರಿನ ವೇಗ ಸೊನ್ನೆ ಅಂತ ಬರೆದವನು ನಾನು. ಒಂದು ಸಲ ಬರೆದ ಮೇಲೆ ಹೋಗಿ ನೋಡಲೇ ಇಲ್ಲ.” ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿ, “ಮಗು ಹೇಗಿದೆ?” ಎಂದರು.

“ತೂಕ ಏರ್ತಿದೆ ಸರ್.”

“ನೀರಿನಿಂದಲೇ ಆದದ್ದು ಅಂತಾರಾ ಡಾಕ್ಟರು?”

“ಹೌದು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ.”

ಅವರು ತಲೆಯಾಡಿಸಿ ಹೋದರು.

ಮುಳುಗುಗಾರರು ಬಂದು ತಳದ ಉಪಕರಣಗಳನ್ನು ಕೆರೆದು ಸ್ವಚ್ಛ ಮಾಡಿದರು. ಗೆರೆ ಮತ್ತೆ ನಡುಗತೊಡಗಿತು. ಕೆರೆ ಈಗ ಸುರಕ್ಷಿತವೆಂದು ಪೇಟೆಯಲ್ಲಿ ಧ್ವನಿವರ್ಧಕದಲ್ಲಿ ಸಾರಿದರು. ಕುದ್ರುವಿನಲ್ಲಿ ಮಾತ್ರ ಯಾರೂ ನಲ್ಲಿಯ ನೀರು ಬಾಯಿಗೆ ಹಾಕಲಿಲ್ಲ. ಪಾತ್ರೆ ತೊಳೆದರು, ಬಟ್ಟೆ ಒಗೆದರು, ಅಷ್ಟೇ.

ಪ್ರಫುಲ್ಲಾ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ನೇರವಾಗಿ ಗಂಡನ ಜೊತೆ ಘಟ್ಟ ಹತ್ತಿದಳು. ಕುದ್ರುವಿಗೆ ಬರಲೊಪ್ಪಲಿಲ್ಲ. ಗುಲಾಬಿ ಒಬ್ಬಳೇ ಮನೆಗೆ ಬಂದಳು. ಬಂದವಳು ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ, ವಿನುತಾ ಕೆಲಸದಲ್ಲಿದ್ದಾಗ, ಅವಳು ಒಂದು ಕೊಡ ಸೊಂಟದಲ್ಲಿಟ್ಟುಕೊಂಡು ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು.

“ಕುಡಿಲಕ್ಕಾ ನೀರ್?” ಎಂದು ಕೇಳಿದಳು.

ವಿನುತಾ ಪರದೆಯತ್ತ ತಿರುಗಿದಳು. ಬಟ್ಟಲು ಆಳವಾಗಿತ್ತು, ಸಣ್ಣಗೆ ನಡುಗುತ್ತಿತ್ತು. ಕುಡಿಯಬಹುದು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

“ಹೋಯಿ ಕಾಂಬ ಅತ್ತೆ,” ಎಂದು ಎದ್ದಳು.

ಇಬ್ಬರೂ ತಪಾಸಣೆಯ ದೋಣಿ ಹತ್ತಿದರು. ರೆಕ್ಕೆಗಳು ಆಗಷ್ಟೇ ಅರ್ಧ ವೇಗಕ್ಕೆ ಇಳಿದಿದ್ದವು. ಬಲೆಗಳ ನಡುವಿನ ದಾರಿಯಲ್ಲಿ ಚೆಂಡುಗಳನ್ನು ಸರಿಸಿಕೊಂಡು ವಿನುತಾ ಕೆರೆಯ ನಡುವಿಗೆ ಹುಟ್ಟು ಹಾಕಿದಳು. ಭಾರ ಕಟ್ಟಿದ ಬಾಟಲಿಯ ಹಗ್ಗವನ್ನು ಗುಲಾಬಿ ಅವಳ ಕೈಯಿಂದ ತೆಗೆದುಕೊಂಡಳು. ತಾನೇ ಇಳಿಸಿದಳು. ಗಂಟು ನೀರು ಮುಟ್ಟಿದ ಮೇಲೂ ಇನ್ನೊಂದು ಮೊಳ ಬಿಟ್ಟಳು.

ಎಳೆದು ತೆಗೆದು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಕುಡಿದಳು. ಬಾಯಲ್ಲಿ ಇಟ್ಟುಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಇಟ್ಟುಕೊಂಡಳು. ವಿನುತಾ ಹುಟ್ಟು ಹಿಡಿದು ಕಾದಳು. ಗುಲಾಬಿ ನುಂಗಿ, ಬಾಟಲಿಯನ್ನು ಮತ್ತೆ ಇಳಿಸಿದಳು. ಹೀಗೆ ಬಾಟಲಿ ಬಾಟಲಿಯಾಗಿ ಕೊಡ ತುಂಬಿದಳು.

ದಡಕ್ಕೆ ಬಂದು, ಕೊಡವನ್ನು ಸೊಂಟಕ್ಕೇರಿಸಿ, ಸೆರಗು ಸಿಕ್ಕಿಸಿಕೊಂಡು ಹೊರಟವಳು ಗೇಟಿನ ಬಳಿ ತಿರುಗಿ ನಿಂತಳು.

“ಇವತ್ತ್ ಸಿಹಿ ಇತ್ತ್,” ಎಂದಳು. “ನಾಳಿಕೂ ಬತ್ತೆ. ದೋಣಿ ತಯಾರ್ ಇಡ್.”